ಗೆರೆ ಮೆಟ್ಟಿದ ಸರ್ವೀಸ್

ಪಂದ್ಯ ಸೋತ ಮರುದಿನವೇ ರತ್ನ ಮೋಕ್ಷಿತಾಳನ್ನು ಕರೆದುಕೊಂಡು ತಲ್ಲೂರಿನ ಸರಸಕ್ಕನ ಮನೆಗೆ ಬಂದಳು. ಸರಸಕ್ಕ ಪೊಲೀಸ್ ಇಲಾಖೆಯಿಂದ ನಿವೃತ್ತಳಾದವಳು, ಇಲಾಖೆಯ ವಾಲಿಬಾಲ್ ತಂಡದಲ್ಲಿ ಆಡಿದವಳು. ಸುತ್ತಲಿನ ಕಳವು, ಮೋಸಗಳ ಗಂಟು ಬಿಡಿಸಲು ಅವಳು ಹೊರಟಾಗಲೆಲ್ಲ ಮೀನಿನ ವ್ಯಾಪಾರ ಅರ್ಧಕ್ಕೆ ಬಿಟ್ಟು ಜೊತೆಗೆ ಹೋಗುತ್ತಿದ್ದವಳು ರತ್ನ. ಈ ಸಲದ ಗಂಟು ರತ್ನಳ ಮನೆಯದೇ. ತೀರಿಹೋದ ಅಕ್ಕನ ಮಕ್ಕಳಾದ ನವ್ಯಾ, ಮೋಕ್ಷಿತಾ ಇಬ್ಬರೂ ಅವಳ ಕೈಯಲ್ಲೇ ಬೆಳೆದವರು.

ಯಡ್ತರೆಯ ಮೈದಾನದಲ್ಲಿ ಕ್ರೀಡಾ ಹಾಸ್ಟೆಲಿನ ಆಯ್ಕೆ ಪಂದ್ಯ ನಡೆದಿತ್ತು. ಮೋಕ್ಷಿತಾ ಓಡಿ ಬಂದು ಹಾರಿ ಸರ್ವೀಸ್ ಹೊಡೆಯುವವಳು. ಚೆಂಡು ಹೊಡೆದ ಮೇಲೆ ಅಂಕಣದೊಳಗೆ ಇಳಿದರೆ ತಪ್ಪಿಲ್ಲ. ಆದರೆ ಹಾರುವಾಗ ಪಾದ ಹಿಂದಿನ ಗೆರೆಗೆ ತಾಗಿದರೆ ಫೂಟ್ ಫಾಲ್ಟ್, ಪಾಯಿಂಟೂ ಸರ್ವೀಸೂ ಎದುರಾಳಿಗೆ. ಅದಕ್ಕೇ ಅವಳು ಆಟಕ್ಕೆ ಮೊದಲು ಅಂಕಣದ ಕೆರೆ ಬದಿ, ರಸ್ತೆ ಬದಿ ಎರಡರಲ್ಲೂ ಅಳೆದು, ಓಟ ಶುರುಮಾಡುವ ಜಾಗದಲ್ಲಿ ಪೊರಕೆಯ ಒಂದೊಂದು ಹಿಡಿಕಡ್ಡಿ ಊರುತ್ತಿದ್ದಳು. ಮೊದಲ ಸೆಟ್ ಕೆರೆ ಬದಿಯಿಂದ ಚೆನ್ನಾಗಿಯೇ ಆಡಿದಳು. ಎರಡನೆಯದು ರಸ್ತೆ ಬದಿಯಿಂದ. ಕೊನೆಯ ಸೆಟ್ ಶುರುವಾದದ್ದೂ ಅಲ್ಲಿಂದಲೇ. ಎಂಟು ಪಾಯಿಂಟಿಗೆ ಬದಿ ಬದಲಾಗಿ ಮತ್ತೆ ಕೆರೆ ಕಡೆ ಬಂದ ಮೇಲೆ, ಅವಳ ಎರಡು ಸರ್ವೀಸಿಗೂ ವಿಸಿಲ್ ಬಿತ್ತು. ಆಯ್ಕೆಯಾದವಳು ಅವಳದೇ ತಂಡದ ಪ್ರಣೀತಾ.

ಯಾರೋ ಕಡ್ಡಿ ಸರಿಸಿರಬೇಕು, ಅದು ಪ್ರಣೀತಾಳದೇ ಕೆಲಸವೆಂದು ರತ್ನ ಹೇಳಿದಳು. ಸರಸಕ್ಕ ಆಟದ ಹೊತ್ತಿಗೆ ಕೆರೆ ಬದಿಯ ಗೆರೆಯ ಹಿಂದೆ ಯಾರಿದ್ದರೆಂದು ಕೇಳಿದಳು.

"ಅಕ್ಕ ಇದ್ದಿದ್ಳ್. ಚೆಂಡ್ ಹೆಕ್ಕಿ ಕೊಡ್ತಿದ್ದಿದ್ಳ್," ಎಂದಳು ಮೋಕ್ಷಿತಾ. ಅದೇ ಹಾಸ್ಟೆಲಿಗೆ ಹಿಂದೆ ಆಯ್ಕೆಯಾಗಿ, ಮಂಡಿ ಮುರಿದುಕೊಂಡು ಮನೆಗೆ ಮರಳಿದವಳು ನವ್ಯಾ. ತಂಗಿಗೆ ಹಾರಲು ಕಲಿಸಿದವಳೂ ಅವಳೇ.

ಮಾರನೆಯ ಬೆಳಿಗ್ಗೆ ಸರಸಕ್ಕ ಪ್ರಣೀತಾ, ನವ್ಯಾ, ತರಬೇತಿ ಕೊಡುವ ಕೌಶಲ್, ಎಲ್ಲರನ್ನೂ ಮೈದಾನಕ್ಕೆ ಕರೆಸಿದಳು. ಕೆರೆ ಬದಿಯ ಕಡ್ಡಿ ಇನ್ನೂ ಅಲ್ಲೇ ಇತ್ತು. ಅದರಿಂದ ಓಡಿ ಹಾರುವಂತೆ ಮೋಕ್ಷಿತಾಳಿಗೆ ಹೇಳಿದಳು. ಪಾದ ಸರಿಯಾಗಿ ಗೆರೆಯ ಮೇಲೆ ಬಿತ್ತು. ಆಮೇಲೆ ಸರಸಕ್ಕ ಬಗ್ಗಿ, ಕಡ್ಡಿಗಿಂತ ಒಂದು ಗೇಣು ಹಿಂದೆ ಮಣ್ಣಿನಲ್ಲಿದ್ದ ಸಣ್ಣ ತೂತನ್ನು ತೋರಿಸಿದಳು. ಅಲ್ಲಿಂದ ಹಾರಿದಾಗ ಪಾದ ಗೆರೆ ಮುಟ್ಟಲಿಲ್ಲ.

ಕಡ್ಡಿ ಕಿತ್ತು ಮುಂದೆ ಊರಿದ್ದು ಮೊದಲ ಸೆಟ್ಟಿನ ನಂತರ, ಕೊನೆಯ ಸೆಟ್ಟಿನಲ್ಲಿ ಬದಿ ಬದಲಾಗುವ ಮೊದಲು, ಎಂದು ಸರಸಕ್ಕ ವಿವರಿಸಿದಳು. ಅಷ್ಟೂ ಹೊತ್ತು ಪ್ರಣೀತಾ ನೆಟ್ಟಿನ ಆಚೆ, ರಸ್ತೆ ಬದಿಯಲ್ಲಿ ಆಡುತ್ತಿದ್ದಳು. ಕೌಶಲ್ ಬೆಂಚಿನ ಬಳಿ ಎಲ್ಲರ ಕಣ್ಣೆದುರೇ ಇದ್ದ. ಅದು ಏಕೆಂದು ತಿಳಿಯದ ಎದುರಾಳಿಗಳಿಗೆ ಆ ಕಡ್ಡಿ ಬರಿ ಕಸ.

"ಹೆಚ್ಚ್ ಸರ್ಸಿದ್ರೆ ಇವ್ಳಿಗೇ ಗೊತ್ತಾತಿತ್ತ್. ಕಮ್ಮಿ ಸರ್ಸಿದ್ರೆ ಕಾಲ್ ಗೆರೆಗೆ ತಾಗ್ತಿರ್ಲಿಲ್ಲ. ಅಷ್ಟ್ ಸಮಾ ಅಳ್ತಿ ಗೊತ್ತಿಪ್ಪುದ್ ಹಾರುಕೆ ಕಲ್ಸಿದವ್ಳಿಗೆ ಮಾತ್ರ," ಎಂದು ಸರಸಕ್ಕ ನವ್ಯಾಳತ್ತ ತಿರುಗಿದಳು.

ನವ್ಯಾ ಅಲ್ಲಗಳೆಯಲಿಲ್ಲ. ಹೇಗಾದರೂ ಅವಳನ್ನು ಉಳಿಸಿಕೊಳ್ಳಬೇಕೆಂದು ರತ್ನಳೇ ಕೇಳಿದಳು. "ನಿನ್ನ ಕಾಲಿನ ಗತಿ ಇವ್ಳಿಗೆ ಬಪ್ಪುದ್ ಬ್ಯಾಡ ಅಂದೇಳಿ ಮಾಡ್ದೆ, ಅಲ್ದಾ?"

"ಅಲ್ಲ ಚಿಕ್ಕಿ. ಅವ್ಳ್ ಹೋಪುದ್ ನೋಡುಕೆ ನಂಗೆ ಆಯ್ಲಿಲ್ಲ."

ಮೋಕ್ಷಿತಾ ಅಕ್ಕನನ್ನು ನೋಡಲಿಲ್ಲ. ಪಂದ್ಯ ಮತ್ತೊಮ್ಮೆ ಆಡಿಸುತ್ತಾರೆಯೇ ಎಂದು ಸರಸಕ್ಕನನ್ನು ಕೇಳಿದಳು. ಆಡಿಸುವುದಿಲ್ಲ, ಅಂಪೈರ್ ಊದಿದ ವಿಸಿಲ್ ಸರಿಯಾಗಿಯೇ ಇತ್ತು, ಕಡ್ಡಿ ಯಾರು ಊರಿದರೂ ಗೆರೆ ಮೆಟ್ಟಿದ್ದು ನಿನ್ನ ಕಾಲೇ, ಎಂದಳು ಸರಸಕ್ಕ. ಬರುವ ವರ್ಷಕ್ಕೆ ಮೋಕ್ಷಿತಾಳ ವಯಸ್ಸು ಮೀರುತ್ತದೆ ಎಂದು ಕೌಶಲ್ ನೆಲ ನೋಡುತ್ತ ಹೇಳಿದ.

ಎಲ್ಲರೂ ಹೆದ್ದಾರಿಯತ್ತ ಹೊರಟರು. ಅಕ್ಕನ ಕುಂಟು ಹೆಜ್ಜೆಗಾಗಿ ಯಾವಾಗಲೂ ನಿಧಾನವಾಗಿ ನಡೆಯುತ್ತಿದ್ದ ಮೋಕ್ಷಿತಾ ಅಂದು ಎಲ್ಲಿಯೂ ನಿಲ್ಲಲಿಲ್ಲ. ನವ್ಯಾ ಕರೆಯಲೂ ಇಲ್ಲ. ಯಾರ ಜೊತೆ ಹೆಜ್ಜೆ ಹಾಕುವುದೆಂದು ತಿಳಿಯದೆ ರತ್ನ ನಡುದಾರಿಯಲ್ಲೇ ನಿಂತಳು.