ನೀಲಿ ಗಾಡಿಯ ಗಂಟು

“ಬೇರೆ ಯಾವುದಾದರೂ ತಗೊಳ್ಳಿ ಮೇಡಂ. ಆ ನೀಲಿ ಗಾಡಿ ಮಾತ್ರ ಬೇಡ,” ಎಂದ ಮೆಕ್ಯಾನಿಕ್. ಊರೆಲ್ಲ ಅವನನ್ನು ಸ್ಪ್ಯಾನರ್ ಮಾಮ ಎಂದೇ ಕರೆಯುತ್ತಿತ್ತು. ಟರ್ಬೊ ಇಂಜಿನ್ನಿನ ನಾಡಿ ಬಲ್ಲವನು ಅಲ್ಲಿ ಅವನೊಬ್ಬನೇ.

“ಯಾಕೆ, ಇಂಜಿನ್ ಕೆಟ್ಟಿದೆಯಾ?”

“ಇಂಜಿನ್ನು ಬಂಗಾರ. ಗಾಡಿಗೆ ಮಾಟ ಮಾಡಿದ್ದಾರೆ.”

ಅವಳು ನಕ್ಕುಬಿಟ್ಟಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು. ವರ್ಗವಾಗಿ ಬಂದು ತಿಂಗಳಾಗಿತ್ತಷ್ಟೆ. “ಹದಿನೈದು ವರ್ಷದಿಂದ ಜನರ ಒಳಗನ್ನೇ ನೋಡ್ತಿದೀನಿ ಮಾಮ. ಮೂಳೆ ಕಂಡಿದೆ, ಕಲ್ಲು ಕಂಡಿದೆ, ಒಬ್ಬರು ನುಂಗಿದ್ದ ಬೀಗದಕೈ ಕೂಡ ಕಂಡಿದೆ. ಮಾಟ ಮಾತ್ರ ಇನ್ನೂ ಕಂಡಿಲ್ಲ.”

ಮಾಮ ನಗಲಿಲ್ಲ. ಒರೆಸಲು ಏನೂ ಉಳಿದಿರದಿದ್ದರೂ ಕೈ ಒರೆಸಿಕೊಳ್ಳುತ್ತಲೇ ಇದ್ದ.

ಗಾಡಿ ಮಾರುತ್ತಿದ್ದವಳು ವಯಸ್ಸಾದ ಒಬ್ಬ ತಾಯಿ. ಇದೇ ಗಾಡಿ ಇಳಿಜಾರಿನಲ್ಲಿ ಕಂಬಕ್ಕೆ ಗುದ್ದಿ ಮಗ ತೀರಿಕೊಂಡಿದ್ದ. “ಜೋರಾಗಿ ಓಡಿಸಿದ ಅಂತ ಪೊಲೀಸರು ಬರಕೊಂಡು ಹೋದರು. ನನ್ನ ಮಗ ಯಾವತ್ತೂ ಜೋರಾಗಿ ಓಡಿಸಿದವನಲ್ಲಮ್ಮ,” ಎಂದಳು. ಕಣ್ಣಲ್ಲಿ ನೀರಿರಲಿಲ್ಲ, ಆರಿದ ಒಲೆಯಂಥ ಕಣ್ಣು.

ಎಕ್ಸ್‌ರೇ ಮೇಡಂ ಯಾವುದನ್ನೂ ಬಾಯಿಮಾತಿಗೆ ಬಿಡಲಿಲ್ಲ. ತಣ್ಣಗಿದ್ದ ಇಂಜಿನ್ನನ್ನು ಸ್ಟಾರ್ಟ್ ಮಾಡಿ ಹೊಗೆಯ ಬಣ್ಣ ನೋಡಿದಳು. ಆಯಿಲ್ ಮೂಸಿದಳು. ಟೈರು ತಯಾರಾದ ವರ್ಷ ಓದಿದಳು. ಮಂಡಿಯೂರಿ ಅಡಿಗೆಲ್ಲ ಟಾರ್ಚ್ ಬಿಟ್ಟಳು. ಚಾಸಿಯ ಚೌಕಟ್ಟು ನೆಟ್ಟಗಿತ್ತು. ಅಪಘಾತದ ಮೇಲೆ ಬ್ರೇಕು ಹೊಸದಾಗಿತ್ತು, ಬಲಗಡೆಯ ಬಾಗಿಲೂ ಹೊಸದು. ಸತ್ತವನು ಆಯಿಲ್ ಬದಲಿಸಿದ ತಾರೀಖುಗಳನ್ನು ಮುತ್ತು ಪೋಣಿಸಿದ ಅಕ್ಷರದಲ್ಲಿ ಬರೆದಿಟ್ಟಿದ್ದ.

ಕೀಲಿ ಕೊಡುವಾಗ ತಾಯಿ ಹೇಳಿದಳು: “ಒಂದೇ ಮಾತು ಮಗಳೇ. ಬ್ರೇಕಿನ ಕೆಲಸ ಬಂದಾಗ ಸ್ಪ್ಯಾನರ್ ಮಾಮನ ಕೈಲೇ ಮಾಡಿಸು.”

ದಿನವೂ ಆಸ್ಪತ್ರೆಗೆ ಇಪ್ಪತ್ತು ಕಿಲೋಮೀಟರ್. ಬೆಳಿಗ್ಗೆ ಇಂಜಿನ್ ಬೆಚ್ಚಗಾಗುವವರೆಗೆ ಅವಳು ಆಕ್ಸಿಲರೇಟರ್ ಮೇಲೆ ಕಾಲನ್ನು ಹಗುರವಾಗಿಯೇ ಇಡುವಳು. ತಲುಪಿದ ಮೇಲೆ ಟರ್ಬೊ ತಣಿಯಲೆಂದು ಒಂದು ನಿಮಿಷ ಹಾಗೇ ಓಡಲು ಬಿಡುವಳು. ಗಾಡಿ ಹೇಳಿದ ಹಾಗೆ ಕೇಳಿತು. ಆದರೆ ಮಾಮನ ಗ್ಯಾರೇಜಿನ ಮುಂದೆ ಹಾಯುವಾಗಲೆಲ್ಲ ಕೂದಲು ಸುಟ್ಟ ವಾಸನೆ ಮೂಗಿಗೆ ಅಡರುತ್ತಿತ್ತು. ಸ್ಟೇರಿಂಗು ಆ ಗೇಟಿನ ಕಡೆಗೇ ಎಳೆಯುತ್ತಿತ್ತು. ಎರಡು ಸಲ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದರೂ ಎಳೆತ ನಿಲ್ಲಲಿಲ್ಲ.

ಆರು ತಿಂಗಳಿಗೆ ಬ್ರೇಕ್ ಕಿರುಗುಟ್ಟಿತು. ಮಧ್ಯಾಹ್ನದ ಹೊತ್ತು, ಗಿರಾಕಿಗಳಿಲ್ಲದಿದ್ದಾಗ ಮಾಮನ ಗ್ಯಾರೇಜಿಗೆ ಅವಳು ಗಾಡಿ ತಂದು ನಿಲ್ಲಿಸಿದಳು.

“ನನ್ನ ಕೈಲಿ ಆಗಲ್ಲ ಮೇಡಂ. ಕಾಲಿಗೆ ಬೀಳ್ತೀನಿ, ತಗೊಂಡು ಹೋಗಿ.”

“ಅಯ್ಯೋ ಮಾಮ, ಇಷ್ಟು ದೊಡ್ಡ ಗ್ಯಾರೇಜ್ ಇಟ್ಕೊಂಡು ಹೆಂಗಸಿನ ಗಾಡಿಗೆ ಹೆದರ್ತೀರಾ? ಪಕ್ಕದ ಅಂಗಡಿಯವರನ್ನೆಲ್ಲ ಕರೆದು ಹೇಳ್ಲಾ?”

ಮಾನಕ್ಕಂಜಿ ಅವನು ಜಾಕ್ ತಂದ. ಮುಂದಿನ ಚಕ್ರ ಬಿಚ್ಚಿದ. ಒಳಗೆ ಏನೋ ತೂಗುತ್ತಿತ್ತು. ತಾಮ್ರದ ತಂತಿ ಸುತ್ತಿದ, ಮುಷ್ಟಿಯಷ್ಟು ದಪ್ಪದ ಕರಿಬಟ್ಟೆಯ ಗಂಟು. ಟಾರ್ಚ್ ಬಿಟ್ಟು ನೋಡಿದ ದಿನ ಅದು ಅಲ್ಲಿರಲಿಲ್ಲ. ಆದರೂ ಅವಳು ನಗುತ್ತಲೇ ಅದನ್ನು ಕಿತ್ತು, ಹಳೆ ಆಯಿಲಿನ ಡ್ರಮ್ಮಿಗೆ ಎಸೆದಳು. “ನೋಡಿ, ಮುಗೀತು ನಿಮ್ಮ ಮಾಟ.”

“ಬಿಚ್ಚಿಬಿಟ್ರಾ?” ಎಂದ ಮಾಮ.

ಡ್ರಮ್ಮಿನೊಳಗೆ ಆಯಿಲು ಕುದಿಯತೊಡಗಿತು. ಶಟರ್ ದಡಾರನೆ ಬಿತ್ತು. ಹಾಡಹಗಲೇ ಕಗ್ಗತ್ತಲು. ಸುಟ್ಟ ಕೂದಲಿನ ವಾಸನೆ ಗಂಟಲಿಗಿಳಿಯಿತು. ಕೀಲಿ ಅವಳ ಮುಷ್ಟಿಯಲ್ಲೇ ಇತ್ತು. ಇಂಜಿನ್ ಸ್ಟಾರ್ಟ್ ಆಯಿತು.

ಬ್ರೇಕಿನ ಡಿಸ್ಕು ಸುತ್ತಿತು. ಮಾಮ ಚೀರಿದ. ಅವನ ಬಲಗೈ ಒಳಗೆ ಸಿಕ್ಕಿತ್ತು.

ಅವಳು ಕತ್ತಲಲ್ಲಿ ತಡಕಾಡಿ ಅವನ ಎಡಗೈ ಹಿಡಿದಳು. ಎಳೆದಳು. ಆ ಕಡೆಯಿಂದಲೂ ಯಾರೋ ಎಳೆದರು.

“ನಾನೇ ಕಣವ್ವಾ!” ಮಾಮ ಕೂಗಿದ. ಅವಳಿಗಲ್ಲ, ಕತ್ತಲಿಗೆ. “ಹೊಸದು ಹಾಕಿದೀನಿ ಅಂತ ಹೇಳಿ ಸವೆದ ಬ್ರೇಕ್ ಪ್ಯಾಡನ್ನೇ ಉಜ್ಜಿ ಹಾಕಿದ್ದೆ! ನಿನ್ನ ಮಗನನ್ನ ಕೊಂದವನು ನಾನೇ! ಬಿಟ್ಟುಬಿಡವ್ವಾ!”

ಇಂಜಿನ್ನಿನ ಸದ್ದು ಏರಿತು. ಅವಳ ಬೆರಳು ಬೆಂದವು. ಚರ್ಮ ಚುರುಗುಟ್ಟಿತು.

“ಕೈ ಬಿಡಬೇಡಿ ಮೇಡಂ!”

ಬಿಟ್ಟಳು.

ಜಾಕ್ ಮಗುಚಿತು. ಗಾಡಿ ಕುಸಿಯಿತು. ಆಮೇಲೆ ಸದ್ದಿಲ್ಲ.

ಪಕ್ಕದ ಅಂಗಡಿಯವರು ಶಟರ್ ಎತ್ತಿದಾಗ ಸ್ಪ್ಯಾನರ್ ಮಾಮನಲ್ಲಿ ಉಸಿರಿರಲಿಲ್ಲ. ಜಾಕ್ ಜಾರಿದ್ದು ಎಂದೇ ಎಲ್ಲರೂ ಅಂದರು. ಅವಳ ಬಲಗೈಯ ಐದೂ ಬೆರಳು ಇದ್ದಿಲಿನಂತೆ ಕಪ್ಪಾಗಿದ್ದವು. ಎಕ್ಸ್‌ರೇಯಲ್ಲಿ ಮೂಳೆಯೆಲ್ಲ ಸರಿಯಾಗಿಯೇ ಕಂಡಿತು. ಸ್ಪರ್ಶ ಮಾತ್ರ ಹೋಗಿತ್ತು. ಕೊಳ್ಳಿ ಹಿಡಿದಂಥ ಉರಿ ಉಳಿದಿತ್ತು.

ಮೂರನೆಯ ದಿನ ಅವಳು ಆ ತಾಯಿಯ ಮನೆಯ ಬಾಗಿಲು ತಟ್ಟಿದಳು. ಎದುರು ಕೂತು ಕೈ ಚಾಚಿದಳು.

ತಾಯಿ ಆ ಬೆರಳುಗಳನ್ನು ತಿರುಗಿಸಿ ನೋಡಿದಳು. “ಮಾಟ ನಿನ್ನ ತಂಟೆಗೆ ಬರಬಾರದು ಅಂತಲೇ ಆ ಗಂಟು ಕಟ್ಟಿದ್ದೆ. ನೀನು ಯಾಕಮ್ಮ ಅವನ ಕೈ ಹಿಡಿಯೋಕೆ ಹೋದೆ?”

“ಮನುಷ್ಯ ಸಾಯ್ತಿದ್ದ.”

“ನನ್ನ ಮಗನೂ ಸತ್ತ. ಯಾರೂ ಹಿಡಿಯಲಿಲ್ಲ.”

“ತಪ್ಪು ಯಾರದಾದರೂ ಇರಲಿ, ಇದನ್ನ ಬಿಡಿಸಿಕೊಡಿ ಅಮ್ಮಾ. ಈ ಕೈಯಿಂದಲೇ ನನ್ನ ಅನ್ನ.”

ಮುದುಕಿಯ ಮುಖದಲ್ಲಿ ಮೊದಲ ಸಲ ಏನೋ ಅಲುಗಿತು. “ಬಿಡಿಸೋದು ನನಗೆ ಗೊತ್ತಿಲ್ಲ ಮಗಳೇ. ಕಟ್ಟೋದಷ್ಟೇ ಕಲಿತಿದ್ದು.”

ಎದ್ದು ಹೋಗಿ ಒಂದು ಲೋಟ ನೀರು ತಂದಳು. ಆ ಕರಿ ಬೆರಳುಗಳಲ್ಲಿ ಲೋಟ ನಿಲ್ಲಲಿಲ್ಲ. ಕೊನೆಗೆ ಮುದುಕಿಯೇ ಪಕ್ಕ ಕೂತು, ಮಗುವಿಗೆ ಕುಡಿಸುವ ಹಾಗೆ, ಅವಳ ಗದ್ದ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು.