ಚಕ್ರದ ಮೇಲಿನ ಬಿಳಿಗೆರೆ

"ಆ ಕಾರು ಮುಟ್ಟಿದ್ರೆ ಕೈ ಮುರಿತೀನಿ!"

ಹೊಲಿಗೆ ಅಂಗಡಿಯಿಂದ ಕತ್ತರಿ ಹಿಡಿದೇ ಓಡಿಬಂದವಳನ್ನು ಕಂಡು, ಚಕ್ರದ ಬಳಿ ಮಂಡಿಯೂರಿದ್ದ ನಗರಸಭೆಯ ಇನ್‌ಸ್ಪೆಕ್ಟರ್ ತಲೆಯೆತ್ತಿದ. ಆ ಕಣ್ಣುಗಳು...! ಅವಳ ಮಾತು ಅರೆಕ್ಷಣ ತಡವರಿಸಿತು. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

"ಬೀದಿಯವರ ದೂರಿದೆ ಮೇಡಂ. ಗಾಳಿ ಇಳಿದಿದೆ, ಅಡಿಯಲ್ಲಿ ಎಲೆ ಕೊಳೆತಿದೆ, ಕನ್ನಡಿಗೆ ಜೇಡ ಬಲೆ ಕಟ್ಟಿದೆ. ಯಾರೋ ಬಿಟ್ಟುಹೋದ ಗಾಡಿ ಅಂತ..."

"ಯಾರೂ ಬಿಟ್ಟುಹೋಗಿಲ್ಲ! ನಮ್ಮಪ್ಪನ ಕಾರಿದು!"

ಅವನು ಚಕ್ರದಿಂದ ರಸ್ತೆಗೆ ಸೀಮೆಸುಣ್ಣದ ಗೆರೆಯೊಂದನ್ನು ಎಳೆದ.

"ವಾರದೊಳಗೆ ಈ ಗೆರೆ ತುಂಡಾಗಬೇಕು. ಇಲ್ಲದಿದ್ರೆ ಕ್ರೇನ್ ಬರುತ್ತೆ. ಒಂದು ಗೇಣು ಸರಿಸಿ, ಸಾಕು."

"ಸರಿಸಬೇಕಂತೆ! ರಸ್ತೆ ಇವರ ಸ್ವಂತದ್ದು ನೋಡಿ!"

ಮರುದಿನವೂ ಬಂದ. ಅದರ ಮರುದಿನವೂ.

"ಸರಿಸಿದ್ರಾ?"

"ಇಲ್ಲ. ಏನಿವಾಗ?"

ಅಪ್ಪನ ನೆನಪನ್ನೇ ಬೀದಿಯಿಂದ ಅಟ್ಟಲು ಬಂದವನು... ಅವಳು ಒಳಗೊಳಗೇ ಕುದಿದಳು.

ವಾರ ತುಂಬಿತು, ಕ್ರೇನ್ ಬಂದೇ ಬಂತು. ಅವಳು ಬಾನೆಟ್ಟಿಗೆ ಬೆನ್ನೊತ್ತಿ ನಿಂತಳು.

"ನನ್ನನ್ನೂ ಸೇರಿಸಿ ಎತ್ಕೊಂಡು ಹೋಗಿ!"

ಅವನ ತಾಳ್ಮೆಯ ಕಟ್ಟೆಯೂ ಒಡೆಯಿತು. "ಗೇಣು ಸರಿಸಿ ಅಂತ ದಿನಾ ಬಡ್ಕೊಂಡೆನಲ್ರೀ! ಸರಿದ ಗಾಡಿನ ಯಾರೂ ಎತ್ತೋ ಹಾಗಿಲ್ಲ. ಉಳಿಸ್ಕೊಳ್ಳಿ ಅಂತಾನೇ ಹೇಳಿದ್ದು! ಯಾಕಿಷ್ಟು ಹಟ?"

ಉಳಿಸಿಕೊಳ್ಳಲೆಂದೇ...? ಅವಳು ದಂಗಾದಳು.

"ಹ್ಯಾಂಡ್‌ಬ್ರೇಕ್ ಎಳೆದದ್ದು ಅಪ್ಪ!" ಅವಳು ಬಾನೆಟ್ ಗುದ್ದಿದಳು. "ಎಳೆದು, ಇಳಿದು, ಇಲ್ಲೇ ಎದೆ ಹಿಡ್ಕೊಂಡು ಕುಸಿದ್ರು. ಅದನ್ನ ನಾನು ಹೇಗೆ ಬಿಡಿಸ್ಲಿ? ಒಂದು ಮಾತೂ ಹೇಳದೆ ಹೋದ್ರಲ್ಲ... ಅವರ ಮೇಲೂ ಸಿಟ್ಟು ನನಗೆ!"

ಅವನ ದನಿ ಇಳಿಯಿತು. ಕಾರಿನ ಬಾಗಿಲು ತೆರೆದು ಹಿಡಿದ.

"ಬ್ರೇಕ್ ನೀವೇ ಬಿಡಿಸಬೇಕು. ತಳ್ಳೋಕೆ ನಾನಿದ್ದೀನಿ."

ಅಪ್ಪನ ಸೀಟಿನಲ್ಲಿ ಕುಳಿತು, ಅಳುತ್ತಲೇ ಅವನನ್ನೂ ಅಪ್ಪನನ್ನೂ ಬೈಯುತ್ತ, ಅವಳು ಹ್ಯಾಂಡ್‌ಬ್ರೇಕ್ ಇಳಿಸಿದಳು.

"ಎತ್ತೋಕೆ ಕರೆದು ತಳ್ಳೋಕೆ ಹಚ್ತೀರಲ್ಲ ಸಾರ್!" ಗೊಣಗುತ್ತ ಕ್ರೇನಿನವನೂ ಹೆಗಲು ಕೊಟ್ಟ.

ಕಾರು ನರಳಿ ಸರಿಯಿತು. ಗೆರೆ ಎರಡು ತುಂಡಾಯಿತು!

ಕ್ರೇನ್ ಹೊರಟಮೇಲೆ ಅವಳು ಕಣ್ಣೊರೆಸಿಕೊಂಡು ಕೇಳಿದಳು, "ವಾರಕ್ಕೊಮ್ಮೆ ನೋಡಿದ್ರೆ ಸಾಕಿತ್ತಲ್ಲ? ದಿನಾ ಯಾಕೆ ಬಂದ್ರಿ?"

ಅವನ ಕಿವಿ ಕೆಂಪಾಯಿತು. "ಕಾರು ನೋಡೋಕಂತೂ ಅಲ್ಲ..."

ಅವಳ ಎದೆ ಡವಗುಟ್ಟಿತು. ಮುಖ ಮಾತ್ರ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ನಾಳೆ ಮತ್ತೆ ಗೆರೆ ಎಳೀತೀರಾ?"

"ಎಳೀಲೇಬೇಕು. ಡ್ಯೂಟಿ."

ಬಟ್ಟೆಗೆ ಗುರುತು ಹಾಕುವ ತನ್ನ ಸೀಮೆಸುಣ್ಣವನ್ನು ಅವನ ಅಂಗೈಯಲ್ಲಿಟ್ಟು, ಅವನ ಬೆರಳು ಮಡಚಿ ಹಾಗೇ ಹಿಡಿದಳು.

"ಇದರಲ್ಲೇ ಎಳೀರಿ. ತಳ್ಳೋಕೂ ನೀವೇ ಬರಬೇಕು... ತಪ್ಪಿಸಿದ್ರೆ ಕೈ ಮುರಿತೀನಿ!"

"ಹಿಡ್ಕೊಂಡಿದ್ದೀರಲ್ಲ," ಅವನು ಮೆಲ್ಲಗೆ ನಕ್ಕ, "ಬಿಟ್ರೆ ತಾನೇ ತಪ್ಪಿಸ್ಕೊಳ್ಳೋದು?"