ಮೂವತ್ತೊಂದನೆಯ ಪೆಟ್ಟಿಗೆಯ ಕೆಳಗೆ

ಆರೂ ಮೊಟ್ಟೆ ತಣ್ಣಗಿದ್ದವು. ಹೆಲ್ವಿ ಒಂದೊಂದನ್ನೇ ತುಟಿಗೆ ತಾಗಿಸಿ ನೋಡಿದಳು. ಇನ್ನೆರಡು ದಿನ ಕಳೆದಿದ್ದರೆ ಮರಿಯಾಗುತ್ತಿದ್ದವು. ತಾಯಿಹಕ್ಕಿ ಗೂಡು ಬಿಟ್ಟು ಹೋಗಿತ್ತು.

ಏಣಿಯ ಬುಡದಲ್ಲಿ ರೈಮೊ ಕಾಫಿ ಫ್ಲಾಸ್ಕ್ ಹಿಡಿದು ನಿಂತಿದ್ದ. ಹಕ್ಕಿ ಅಧ್ಯಯನ ಕೇಂದ್ರದವರು ಆ ಬರ್ಚ್ ಕಾಡಿನ ಮರಗಳಿಗೆ ಕಟ್ಟಿದ ಗೂಡುಪೆಟ್ಟಿಗೆಗಳಲ್ಲಿ ಉತ್ತರದ ಸಾಲನ್ನು ನೋಡಿಕೊಳ್ಳುವ ಕೆಲಸ ಹೆಲ್ವಿಯದು. ದಕ್ಷಿಣದ್ದು ಈ ವರ್ಷ ಹೊಸದಾಗಿ ಬಂದ ರೈಮೊನದು. ಎರಡೂ ಸಾಲು ಕೂಡುವುದು ಈ ಮೂವತ್ತೊಂದರ ಹತ್ತಿರ.

"ಮುಖ ಯಾಕೆ ಹಂಗಾಯ್ತು?"

"ನೊಣಹಿಡುಕ ಹಕ್ಕಿ ಗೂಡು ಬಿಟ್ಟು ಹೋಗಿದೆ."

"ಅಳಿಲು ಏನಾದ್ರೂ ಬಂದಿತ್ತಾ?"

"ಅಳಿಲಾಗಿದ್ರೆ ಮೊಟ್ಟೆ ಉಳೀತಿತ್ತಾ? ನಾವು ಕಣೋ, ನಾವೇ."

ಮರ ತಟ್ಟು, ಹತ್ತು, ಎಣಿಸು, ಇಳಿದು ಹೊರಡು. ಹದಿನೆಂಟು ವರ್ಷಗಳಿಂದ ಹೊಸದಾಗಿ ಬಂದವರಿಗೆಲ್ಲ ಈ ನಿಯಮ ಹೇಳಿಕೊಟ್ಟವಳು ಅವಳೇ. ಆಮೇಲೆ ಈ ಮನುಷ್ಯ ಬಂದ. ಒಂದು ದಿನ ಕಾಫಿ ಬಗ್ಗಿಸಿಕೊಟ್ಟ. ಮರುದಿನ ರೈ ಬ್ರೆಡ್ಡಿನ ಮೇಲೆ ಹೊಗೆಯಾಡಿಸಿದ ಮೀನು ಇಟ್ಟು ತಂದ, ಅವಳ ಟೋಪಿಯ ಮೇಲೆ ಕೂತ ಸೊಳ್ಳೆಗಳನ್ನು ಎಣಿಸಿ ನಕ್ಕ. ಚಳಿಗಾಲವಿಡೀ ರೇಡಿಯೊ ಜೊತೆ ಮಾತ್ರ ಮಾತಾಡಿದ್ದ ಹೆಲ್ವಿಗೆ ಒಮ್ಮೆಲೇ ಬಾಯಿ ಬಂತು. ದಿನಾ ಇಲ್ಲೇ ನಿಂತು ಹರಟಿದರು. ಹುಳ ಹಿಡಿಯಲು ಹೋದ ತಾಯಿ ಮರಳಿ ಬಂದು, ಕೆಳಗೆ ಇವರನ್ನು ಕಂಡು, ಒಳಗೆ ಹೋಗಲಾರದೆ ಪಕ್ಕದ ಕೊಂಬೆಯಲ್ಲಿ ಗದರುತ್ತಿತ್ತು. ಆ ಸದ್ದು ಹೆಲ್ವಿಗೆ ಕೇಳಿಸಿತ್ತು. ಕೇಳಿಸಿಯೂ ನಿಂತಿದ್ದಳು. ಈಗ ಅವಳನ್ನು ಸುಡುತ್ತಿದ್ದದ್ದು ಅದೇ.

"ಗೂಡಿನ ಕಾರ್ಡಿನಲ್ಲಿ ಕಾರಣ ಏನಂತ ಬರೀತೀಯ?" ಎಂದ ರೈಮೊ.

"ಇದ್ದದ್ದು. ಮನುಷ್ಯರ ಕಾಟ."

"ಕೇಂದ್ರದಲ್ಲಿ ಕಾರೀನಾ ಸುಮ್ನೆ ಬಿಡಲ್ಲ. ನನ್ನನ್ನ ಸರೋವರದ ಆಚೆ ದ್ವೀಪಕ್ಕೆ ಹಾಕ್ತಾಳೆ."

"ಗೊತ್ತು."

ಅವನು ಹೊರಟುಹೋದ. ಕಾರಣ 'ಚಳಿ' ಎಂದು ಬರೆದರೆ ಯಾರೂ ಕೇಳುತ್ತಿರಲಿಲ್ಲ. ನಾಳೆಯೂ ಅವನು ಫ್ಲಾಸ್ಕ್ ಹಿಡಿದು ಬರುತ್ತಿದ್ದ. ಪೆನ್ಸಿಲ್ ಹಿಡಿದು ಬಹಳ ಹೊತ್ತು ಕೂತಳು ಹೆಲ್ವಿ. ಅವಳಿಗೆ ಅವನು ಬೇಕಿತ್ತು, ತುಂಬಾ ಬೇಕಿತ್ತು. ಕೊನೆಗೆ ನಿಜವನ್ನೇ ಬರೆದಳು.

ಮರುದಿನ ಬೆಳಗ್ಗೆ ಕೇಂದ್ರದಲ್ಲಿ ಮುಖ್ಯಸ್ಥೆ ಕಾರೀನಾ ಅವಳ ಮುಂದೆ ಎರಡು ಕಾರ್ಡು ಇಟ್ಟಳು.

"ನಿಂದು ಒಂದೇ ಸಾಲು. ಅವನು ನೋಡು, ಪುರಾಣಾನೇ ಬರ್ದಿದ್ದಾನೆ. ಅದೂ ನಿನಗಿಂತ ಮುಂಚೆ ಬಂದು ಕೊಟ್ಟು ಹೋದ."

ಹನ್ನೊಂದು ದಿನವೂ ಮರದ ಕೆಳಗೆ ಎಷ್ಟೆಷ್ಟು ಹೊತ್ತು ನಿಂತಿದ್ದರೆಂದು ರೈಮೊ ಬರೆದಿದ್ದ. ಮೇ ಇಪ್ಪತ್ತೆಂಟು, ನಲವತ್ತು ನಿಮಿಷ. ಜೂನ್ ಐದು, ಒಂದು ಗಂಟೆ ಹತ್ತು ನಿಮಿಷ. ಕೆಳಗೆ ಕಾರಣ: 'ತಪ್ಪು ನನ್ನದು. ಹಕ್ಕಿ ಗದರುತ್ತಿದ್ದುದು ಕೇಳಿಸುತ್ತಿತ್ತು. ಆದರೆ ಹೆಲ್ವಿ ಮಾತಾಡುತ್ತಿದ್ದಳು. ನಿಲ್ಲಿಸು ಅನ್ನಲು ಮನಸ್ಸು ಬರಲಿಲ್ಲ.'

"ಐವತ್ತರ ಹತ್ತಿರ ಬಂದ್ರಿ ಇಬ್ರೂ. ನಾಚ್ಕೆ ಆಗಲ್ವಾ?" ಎಂದಳು ಕಾರೀನಾ. ಆಮೇಲೆ ಕಿಟಕಿಯ ಕಡೆ ತಿರುಗಿ, "ಅವನನ್ನ ದ್ವೀಪಕ್ಕೆ ಒಯ್ಯೋ ದೋಣಿ ಇನ್ನೂ ಹೊರಟಿಲ್ಲ" ಎಂದಳು.

ಹೆಲ್ವಿ ದಡಕ್ಕೆ ಓಡಿದಳು. ರೈಮೊ ಚೀಲ ಒಳಗಿಟ್ಟು ಹಗ್ಗ ಬಿಚ್ಚುತ್ತಿದ್ದ.

"ತಪ್ಪು ಬರ್ದಿದ್ದೀಯ," ಎಂದಳು ಏದುಸಿರು ಬಿಡುತ್ತಾ. "ಜೂನ್ ಐದು ಒಂದು ಗಂಟೆ ಹತ್ತಲ್ಲ. ಒಂದೂಕಾಲು ಗಂಟೆ."

ಅವನ ಕೈ ಹಗ್ಗದ ಮೇಲೆ ನಿಂತಿತು. "ನೀನೂ ಗಡಿಯಾರ ನೋಡ್ಕೋತಿದ್ದೆಯಾ?"

"ದಿನಾ."



"ಜುಲೈಗೆ ಮರಿಗಳೆಲ್ಲ ಹಾರಿ ಹೋಗ್ತವೆ," ಎಂದಳು ಹೆಲ್ವಿ. "ಆಮೇಲೆ ಯಾವ ಮರದ ಕೆಳಗೆ ಎಷ್ಟು ಹೊತ್ತು ನಿಂತ್ರೂ ಯಾರಿಗೂ ತೊಂದ್ರೆ ಇಲ್ಲ. ಆಗ ಬಾ."